ಉಳಿದ ಬಿಳಿ, ಉಳಿಸಿದ ಬಿಳಿ

ಚಿತ್ರಕ್ಕೆ ಫ್ರೇಮ್ ಹಾಕಿಸಲು ಕೊಟ್ಟು ವಾರ ಕಳೆದ ಮೇಲೆ ತರಲು ಹೋದೆ. ಫ್ರೇಮ್ ಹಾಕುವವರು ಸುತ್ತಿದ್ದ ಕಾಗದ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒಳ್ಳೇ ಕೆಲಸ ಮಾಡಿದವರ ಸಂತೋಷದಲ್ಲಿ ಹೇಳಿದರು: “ಸುಮ್ನೆ ಖಾಲಿ ಜಾಗ ಬಹಳ ಇತ್ತು ಮೇಡಂ. ಮೌಂಟ್ ಕೆಳಗೆ ಮುಚ್ಚಿಬಿಟ್ಟೆ. ಈಗ ನೋಡಿ, ಚಿತ್ರ ಕರೆಕ್ಟಾಗಿ ಮಧ್ಯಕ್ಕೆ ಬಂದಿದೆ.”

ಬಂದಿತ್ತು, ನಿಜ. 50 ಸೆಂ.ಮೀ. ಅಗಲ, 70 ಸೆಂ.ಮೀ. ಎತ್ತರದ ಹಾಳೆ ಅದು. ಮರದಚ್ಚಿನಲ್ಲಿ ಮಾಡಿದ ಮುದ್ರಣ. ಕೆಳಗೆ, ಎಡಮೂಲೆಗೆ ಹತ್ತಿರ, ಹೆಬ್ಬೆರಳಿನಷ್ಟು ದಪ್ಪದ ಒಂದು ಕಪ್ಪು ಗುರುತು. ಅದರ ಬುಡದಿಂದ ಬಲಕ್ಕೆ ಹೊರಟು ಅರ್ಧ ಗೇಣು ಹೋಗಿ ನಿಂತುಬಿಡುವ ತೆಳು ಗೆರೆ. ಉಳಿದದ್ದೆಲ್ಲ ಕಾಗದ. ಈಗ ಆ ಕಾಗದವನ್ನೆಲ್ಲ ಬಿಳಿ ರಟ್ಟು ನುಂಗಿ, ನಡುವಿನ ಕಿಟಕಿಯಲ್ಲಿ ಕಪ್ಪು ಗುರುತು ಮತ್ತು ಗೆರೆ ಪಾಸ್‌ಪೋರ್ಟ್ ಫೋಟೋಗೆ ಕೂತವರಂತೆ ನೆಟ್ಟಗೆ ಕೂತಿದ್ದವು.

ನನಗೆ ಮೊದಲು ಸಿಟ್ಟು ಬರಲಿಲ್ಲ, ಗುರುತು ಸಿಗಲಿಲ್ಲ. ಇದು ನನ್ನದೇ ಚಿತ್ರವೇ ಅನ್ನಿಸಿತು. ಮೊದಲ ಸಲ ನೋಡಿದಾಗ ಆ ಕಪ್ಪು ಗುರುತು ಯಾವುದೋ ದೊಡ್ಡ ಬಯಲಿನ ಅಂಚಿನಲ್ಲಿ ಯಾರೋ ನಿಂತ ಹಾಗೆ, ಇನ್ನೊಮ್ಮೆ ನೀರಿನಲ್ಲಿ ನಿಂತ ದೋಣಿಯ ಹಾಗೆ, ಮತ್ತೊಮ್ಮೆ ಬರೀ ಕಪ್ಪು ಶಾಯಿಯ ಹಾಗೆ ಕಂಡಿತ್ತು. ಈಗ ಅದು ಯಾವುದೋ ಕಂಪನಿಯ ಲೋಗೋ. ಗೆರೆಯಂತೂ ಅಡಿಗೆರೆ ಎಳೆದಂತೆ ಇತ್ತು. ಒಂದು ಚುಕ್ಕೆಯನ್ನೂ ಅಳಿಸದೆ, ಒಂದು ಹನಿ ಬಣ್ಣವನ್ನೂ ಸೇರಿಸದೆ, ಚಿತ್ರವನ್ನು ಪೂರ್ತಿ ಬದಲಾಯಿಸಿಬಿಟ್ಟಿದ್ದರು ಪುಣ್ಯಾತ್ಮರು.

ಅವರ ತಪ್ಪು ಅಂತ ಹೇಳುವುದಕ್ಕೂ ನಾಲಿಗೆ ಬರಲಿಲ್ಲ. ಏನೂ ಮುದ್ರಿಸಿಲ್ಲದ ಜಾಗವನ್ನು ಮುಚ್ಚಿದ್ದಕ್ಕೆ ಜಗಳವಾಡುವುದು ಹೇಗೆ? “ಆ ಖಾಲಿ ಜಾಗ ನನಗೆ ಬೇಕು” ಅಂದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಪಾಪ ಅನ್ನುವ ಭಾವ ಇತ್ತು. ಬಿಚ್ಚಿ ಮತ್ತೆ ಹಾಕಿಕೊಟ್ಟರು, ಇಡೀ ಹಾಳೆ ಅಂಚುಸಮೇತ ಕಾಣುವ ಹಾಗೆ. ಬಿಚ್ಚುವಾಗ ಒಂದು ಕಡೆ ಟೇಪ್ ಎದ್ದು ಮೇಲ್ಭಾಗದಲ್ಲಿ ಉಗುರಿನಷ್ಟು ಜಾಗ ಮಿರುಗತೊಡಗಿದೆ. ಬೇರೆ ಚಿತ್ರದಲ್ಲಾದರೆ ಮರದ ಎಲೆಯ ಹಿಂದೋ ಮೋಡದ ಕೆಳಗೋ ಅದು ಕಳೆದುಹೋಗುತ್ತಿತ್ತು. ಇಲ್ಲಿ ಅಡಗಲು ಜಾಗವೇ ಇಲ್ಲ, ಅಷ್ಟೊಂದು ಜಾಗ ಇದ್ದೂ.

ಆಮೇಲೆ ನಾನು ಮಾಡಿದ್ದು ಸ್ವಲ್ಪ ಮಕ್ಕಳಾಟ. ರಟ್ಟಿನಲ್ಲಿ ಎರಡು ‘ಎಲ್’ ಆಕಾರ ಕತ್ತರಿಸಿ, ಒಂದಕ್ಕೊಂದು ಎದುರಾಗಿಟ್ಟು, ಹಾಳೆಯ ಮೇಲೆ ಜರುಗಿಸುತ್ತಾ ಕೂತೆ. ಫೋಟೋಗ್ರಾಫರುಗಳು ಕ್ರಾಪ್ ಮಾಡಲು ಬಳಸುವ ಹಳೆಯ ಉಪಾಯ ಅದು. ಮೇಲಿನ ಬಿಳಿಯನ್ನು ಒಂದು ಗೇಣು ಕಡಿಮೆ ಮಾಡಿದರೆ ಕಪ್ಪು ಗುರುತು ದೊಡ್ಡದಾಗುತ್ತದೆ, ಅಳತೆಯಲ್ಲಿ ಅಲ್ಲ, ತೂಕದಲ್ಲಿ. ಬಲಗಡೆಯ ಬಿಳಿಯನ್ನು ಕತ್ತರಿಸಿದರೆ ಗೆರೆ ಎಲ್ಲಿಗೋ ಹೊರಟದ್ದು ಗೋಡೆಗೆ ಬಡಿದು ನಿಂತ ಹಾಗೆ. ಎಡಗಡೆ ಎರಡು ಬೆರಳು ಜಾಗ ಜಾಸ್ತಿ ಸಿಕ್ಕರೂ ಸಾಕು, ಅಂಚಿನ ಜೊತೆಗಿನ ಸೆಳೆತ ಹೋಗಿ ಗುರುತು ಸಡಿಲಾಗುತ್ತದೆ. ನಾನು ಅಷ್ಟು ದಿನ ಚಿತ್ರ ಅಂದುಕೊಂಡಿದ್ದದ್ದು ಕಪ್ಪನ್ನು. ಕಪ್ಪಿಗೆ ಆ ಹಾಳೆಯಲ್ಲಿ ಇದ್ದ ಕೆಲಸ ಬಹಳ ಕಡಿಮೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತರಾಯಿತು. ದೂರ, ಭಾರ, ದಿಕ್ಕು, ಹೊತ್ತು ಇವನ್ನೆಲ್ಲ ನಿಭಾಯಿಸುತ್ತಿದ್ದದ್ದು ಬಿಳಿ.

ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ ಎಲ್ಲರೂ ನೋಡಿರುವ ಆ ಚಿತ್ರ ಪ್ರಸಿದ್ಧವಾಯಿತು: ಹೂದಾನಿ ಎಂದರೆ ಹೂದಾನಿ, ಎದುರುಬದುರಾದ ಎರಡು ಮುಖ ಎಂದರೆ ಎರಡು ಮುಖ. ಕಣ್ಣಾಟ ಅಂತ ನಕ್ಕು ಮುಂದೆ ಹೋಗುತ್ತೇವೆ. ರೂಬಿನ್ ಅಲ್ಲಿ ಗುರುತಿಸಿದ ಒಂದು ಮಾತು ಮಾತ್ರ ಈ ಹಾಳೆಯ ಮುಂದೆ ಕೂತಾಗ ನನಗೆ ಕೆಲಸಕ್ಕೆ ಬಂತು. ಆಕೃತಿ ಮತ್ತು ಹಿನ್ನೆಲೆ ಕೂಡುವಲ್ಲಿ ಇರುವ ಅಂಚನ್ನು ನಮ್ಮ ಕಣ್ಣು ಆಕೃತಿಗೇ ಕೊಟ್ಟುಬಿಡುತ್ತದೆ. ಹಿನ್ನೆಲೆಗೆ ಅಂಚಿಲ್ಲ. ಅದು ಆಕೃತಿಯ ಹಿಂದೆಯೂ ಹಾಗೇ ಹರಡಿಕೊಂಡು ಹೋಗಿದೆ ಅನ್ನಿಸುತ್ತದೆ. ಅಂದರೆ ನನ್ನ ಹಾಳೆಯಲ್ಲಿ ಬಿಳಿಗೆ ಒಡೆತನದ ಗಡಿಯೇ ಇಲ್ಲ. ಕಪ್ಪಿನ ಹಿಂದೆಯೂ ಅದೇ, ಕಾಗದ ಮುಗಿದ ಮೇಲೂ ಅದೇ. ಹಾಗಾಗಿ ಎರಡು ಗೇಣು ಬಿಳಿ ಎರಡು ಹರದಾರಿ ಬಯಲಾಗುವುದಕ್ಕೆ ಏನೂ ಅಡ್ಡಿ ಇಲ್ಲ.

ಇದನ್ನು ರೂಬಿನ್‌ಗಿಂತ ಏಳು ಶತಮಾನ ಮೊದಲೇ ಕೈಯಲ್ಲಿ ಬಲ್ಲವರಿದ್ದರು. ಚೀನಾದ ದಕ್ಷಿಣ ಸಾಂಗ್ ಆಸ್ಥಾನದ ಚಿತ್ರಕಾರ ಮಾ ಯುವಾನ್‌ನನ್ನು ಜನ ‘ಒಂದು ಮೂಲೆಯ ಮಾ’ ಎಂದು ಕರೆಯುತ್ತಿದ್ದರಂತೆ. ಬೆಟ್ಟ, ಮರ, ಮನುಷ್ಯ ಎಲ್ಲವನ್ನೂ ಒಂದು ಮೂಲೆಗೆ ಒತ್ತಿ ಮಿಕ್ಕದ್ದನ್ನು ಬಿಟ್ಟುಬಿಡುತ್ತಿದ್ದದ್ದಕ್ಕೆ ಬಂದ ಅಡ್ಡಹೆಸರು. 1195ರ ಸುಮಾರಿನದು ಎನ್ನಲಾಗುವ, ಅವನ ಹೆಸರಿಗೆ ಸೇರಿಸಿರುವ ಚಿತ್ರವೊಂದು ಟೋಕಿಯೋದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಚಳಿಗಾಲದ ಸರೋವರ. ಒಂದು ಪುಟ್ಟ ದೋಣಿ, ಅದರ ತುದಿಯಲ್ಲಿ ಬಾಗಿ ಗಾಳ ಹಾಕಿ ಕೂತ ಒಬ್ಬ ಮನುಷ್ಯ, ದೋಣಿಯ ಸುತ್ತ ನೀರು ಎನ್ನಲು ನಾಲ್ಕಾರು ಗೆರೆ. ಸರೋವರ ಎಲ್ಲಿದೆ ಅಂತ ಹುಡುಕಿದರೆ ರೇಷ್ಮೆ ಬಟ್ಟೆ ಕಾಣುತ್ತದೆ. ದೋಣಿಯಿಂದ ಕೆಳಗಿನ ಬರಿದು ನೀರು, ಮೇಲಿನ ಬರಿದು ಆಕಾಶ, ಎರಡೂ ಒಂದೇ ಬಟ್ಟೆ, ಒಂದೇ ಬಣ್ಣ. ನೀರು ಮುಗಿದು ಆಕಾಶ ಶುರುವಾಗುವುದು ಎಲ್ಲಿ ಅಂತ ನಾನು ಎಷ್ಟೋ ಸಲ ಬೆರಳಿಟ್ಟು ನೋಡಿದ್ದೇನೆ, ಪುಸ್ತಕದ ಪುಟದ ಮೇಲೆ. ಒಂದೊಂದು ಸಲ ಒಂದೊಂದು ಕಡೆ. (ಗಾಳದ ದಾರ ಸುತ್ತುವ ರಾಟೆ ಕಾಣಿಸುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೂ ಒಂದು ಎನ್ನುತ್ತಾರೆ. ನೀರನ್ನೇ ಬಿಡಿಸದವನು ರಾಟೆಯನ್ನು ಬಿಡಿಸಿದ್ದಾನೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಿಸಬೇಕು ಎನ್ನುವ ಅವನ ಲೆಕ್ಕ ನನಗೆ ಬಹಳ ಇಷ್ಟ.)

ಬಿಡು, ಬಿಡಿಸು. ಕನ್ನಡದಲ್ಲಿ ಚಿತ್ರ ‘ಬಿಡಿಸುವುದು’ ಅನ್ನುತ್ತೇವೆ. ಗಂಟು ಬಿಡಿಸುವುದಕ್ಕೂ, ಒಗಟು ಬಿಡಿಸುವುದಕ್ಕೂ, ಕಾಳು ಬಿಡಿಸುವುದಕ್ಕೂ ಅದೇ ಮಾತು. ಎಲ್ಲದರಲ್ಲೂ ಏನೋ ಒಂದನ್ನು ಬೇರೆ ಮಾಡಿ ತೆಗೆಯುವ ಕೆಲಸ ಇದೆ, ತುಂಬುವ ಕೆಲಸ ಇಲ್ಲ. ನಾನು ಪದಗಳ ಜೊತೆ ಆಟವಾಡುತ್ತಿದ್ದೇನೆ ಅನ್ನಿಸಬಹುದು. ಸ್ವಲ್ಪ ತಾಳಿ, ಇನ್ನೂ ಒಂದು ಆಟ ಬಾಕಿ ಇದೆ.

ಫ್ರೇಮು ಬಂದು ತಿಂಗಳಾದ ಮೇಲೆ ಒಂದು ಸಂಜೆ ಬೆಳಕು ಅಡ್ಡಕ್ಕೆ ಬಿದ್ದಿದ್ದಾಗ ಬಿಳಿಯಲ್ಲಿ ಏನೋ ಕಂಡಿತು. ಹತ್ತಿರ ಹೋಗಿ ನೋಡಿದರೆ ಸಾಸಿವೆಗಿಂತ ಸಣ್ಣ ಕಪ್ಪು ಕಲೆಗಳು, ಮೂರೋ ನಾಲ್ಕೋ. ಕೊಳೆ ಅಲ್ಲ, ಶಾಯಿ. ಒಂದೊಂದೂ ಪುಟ್ಟ ದೋಣಿಯಾಕಾರ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಏನೂ ಇಲ್ಲದ ಕಡೆ ಶಾಯಿ ಬಂದದ್ದು ಹೇಗೆ? ಉತ್ತರ ಗೊತ್ತಾಗಿದ್ದು ನಾನೇ ಒಂದು ಅಚ್ಚು ಕೆತ್ತಲು ಹೋಗಿ ಕೈ ಸುಟ್ಟುಕೊಂಡ ಮೇಲೆ.

ಮರದಚ್ಚು ಮಾಡುವ ಕ್ರಮ ಕೇಳುವುದಕ್ಕೆ ಸರಳ. ಹಲಗೆಯ ಮೇಲೆ ಶಾಯಿಯ ರೋಲರ್ ಉರುಳಿಸಿದಾಗ ಎತ್ತರದಲ್ಲಿರುವ ಭಾಗಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಆದ್ದರಿಂದ ಯಾವುದು ಕಪ್ಪಾಗಿ ಬರಬೇಕೋ ಅದನ್ನು ಮುಟ್ಟಬಾರದು. ಯಾವುದು ಬಿಳಿಯಾಗಿ ಇರಬೇಕೋ ಅದನ್ನೆಲ್ಲ ಉಳಿಯಿಂದ ಕೆತ್ತಿ ತಗ್ಗಿಸಬೇಕು. ಮರ ನನ್ನ ಕೈಗೆ ಬಗ್ಗುವುದಿಲ್ಲ ಎಂದು ಗೊತ್ತಿದ್ದರಿಂದ ಲಿನೋಲಿಯಂ ತುಂಡು ತಂದೆ, ಅಂಗೈ ಎರಡರಷ್ಟು. ಮೊದಲ ಸಲ ಅಲ್ಲವೇ, ಸುಲಭದ್ದೇ ಮಾಡೋಣ, ಒಂದೇ ಒಂದು ಗೆರೆ ಸಾಕು ಅಂದುಕೊಂಡೆ.

ಒಂದೇ ಒಂದು ಗೆರೆ! ಹತ್ತು ನಿಮಿಷದಲ್ಲಿ ನನ್ನ ಮೂರ್ಖತನ ಅರ್ಥವಾಯಿತು. ಹೂವು, ಹಕ್ಕಿ, ಎಲೆ ತುಂಬಿದ ಚಿತ್ರವಾಗಿದ್ದರೆ ಕೆತ್ತುವುದು ಅರ್ಧವೇ ಇರುತ್ತಿತ್ತು. ಗೆರೆ ಒಂದೇ ಉಳಿಯಬೇಕಾದರೆ ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೋಗಬೇಕು. ಎರಡು ಸಂಜೆ ಕೆತ್ತಿದೆ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಬಂತು. ಗೆರೆಯ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು, ದೂರದಲ್ಲಿ ಉಡಾಫೆಯಿಂದ, ಹೇಗೂ ಖಾಲಿ ತಾನೆ ಅಂತ. ಶಾಯಿ ಹಾಕಿ ಮೊದಲ ಪ್ರತಿ ಎತ್ತಿದಾಗ ಗೆರೆ ಚೆನ್ನಾಗೇ ಬಂದಿತ್ತು. ಖಾಲಿ ಜಾಗ ಮಾತ್ರ ಗೀಚು ಗೀಚು. ಉಳಿ ಓಡಿದ ಸಾಲುಗಳ ನಡುವೆ ಉಳಿದ ದಿಣ್ಣೆಗಳಿಗೆಲ್ಲ ಶಾಯಿ ತಗುಲಿ ಮಳೆ ಬಿದ್ದ ಹಾಗೆ ಕಾಣುತ್ತಿತ್ತು. ಈ ಬೇಡದ ಗುರುತುಗಳಿಗೆ ಇಂಗ್ಲಿಷ್ ಬಲ್ಲ ಮುದ್ರಕರು ‘ಚ್ಯಾಟರ್’ ಅನ್ನುತ್ತಾರೆ, ಹರಟೆ. ಸುಮ್ಮನಿರಬೇಕಾದಲ್ಲಿ ಮಾತಾಡುವುದು. ಇದಕ್ಕಿಂತ ಒಳ್ಳೆಯ ಹೆಸರು ಬೇಕಿಲ್ಲ.

ಇನ್ನೊಂದು ಪಾಠ ಅದರ ಹಿಂದೆಯೇ ಬಂತು. ಗೆರೆಯ ಪಕ್ಕದ ಕಿರಿದಾದ ಜಾಗವನ್ನು ಹೆಚ್ಚು ಆಳ ಕೆತ್ತಬೇಕಿಲ್ಲ, ಕಾಗದ ಅಲ್ಲಿ ಬಾಗುವುದಿಲ್ಲ. ಅಗಲವಾದ ಖಾಲಿ ಜಾಗದಲ್ಲಿ ಕಾಗದ ಆಧಾರವಿಲ್ಲದೆ ಜೋತು ಬಿದ್ದು ತಳ ಮುಟ್ಟುತ್ತದೆ, ರೋಲರ್ ಕೂಡ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ಬಿಳಿ ಎಷ್ಟು ಅಗಲವೋ ಅಷ್ಟು ಆಳ ತೋಡಬೇಕು. ದೊಡ್ಡ ಮೌನಕ್ಕೆ ಹೆಚ್ಚು ಕೆಲಸ. ನನ್ನ ಗೋಡೆಯ ಮೇಲಿನ ಹಾಳೆಯನ್ನು ಮಾಡಿದವರು ಅಷ್ಟು ದೊಡ್ಡ ಹಲಗೆಯನ್ನು ಕೆತ್ತಿರಬೇಕು, ಹೆಬ್ಬೆರಳಿನಷ್ಟು ಮರವನ್ನೂ ಒಂದು ಎಳೆಯನ್ನೂ ಬಿಟ್ಟು. ಆ ಸಾಸಿವೆಯಂಥ ಕಲೆಗಳು ಅವರ ಉಳಿಯ ಓಟ. ಎಲ್ಲವನ್ನೂ ಅಳಿಸಬಹುದಿತ್ತು, ಮೂರೋ ನಾಲ್ಕೋ ಬಿಟ್ಟಿದ್ದಾರೆ. ಬೇಕೆಂದೇ ಬಿಟ್ಟರೋ, ಕೈ ಸೋತು ಬಿಟ್ಟರೋ. ಹಲಗೆಯೇ ಬೇಡ ಎನ್ನಬಹುದಿತ್ತಲ್ಲ ಅಂತಲೂ ಅನ್ನಿಸಿತು. ಒಂದು ಸಣ್ಣ ಅಚ್ಚು ಮಾಡಿ ದೊಡ್ಡ ಕಾಗದದ ಮೂಲೆಗೆ ಒತ್ತಿದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಎಷ್ಟೋ ಜನ ಹಾಗೇ ಮಾಡುತ್ತಾರೆ. ಆಗ ಬಿಳಿ ಸುಮ್ಮನೆ ಕಾಗದವಾಗಿ ಇರುತ್ತಿತ್ತು, ಕಲೆಗಳು ಇರುತ್ತಿರಲಿಲ್ಲ, ನಾನು ಹತ್ತಿರ ಹೋಗುತ್ತಲೂ ಇರಲಿಲ್ಲ.

ಈಗ ಆ ಬಾಕಿ ಆಟ. ಕನ್ನಡದಲ್ಲಿ ಉಳಿ ಅಂದರೆ ಕೆತ್ತುವ ಹತ್ಯಾರ. ಉಳಿ ಅಂದರೆ ಇರು, ಹೋಗಬೇಡ ಅಂತಲೂ. ಒಂದು ತೆಗೆಯುತ್ತದೆ, ಒಂದು ಇರಿಸಿಕೊಳ್ಳುತ್ತದೆ. ಎರಡಕ್ಕೂ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ, ನಿಘಂಟಿನವರು ಬಡಿಗೆ ಹಿಡಿದು ಬಂದಾರು. ಮರದಚ್ಚಿನ ಮುಂದೆ ಕೂತವಳಿಗೆ ಮಾತ್ರ ಎರಡೂ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಉಳಿ ಮುಟ್ಟಿದ್ದು ಬಿಳಿಯಾಯಿತು, ಮುಟ್ಟದ್ದು ಉಳಿಯಿತು.

ಬೇರೆ ಬಗೆಯ ಮುದ್ರಣಗಳಲ್ಲೂ ಬಿಳಿ ಪುಕ್ಕಟೆ ಸಿಗುವುದಿಲ್ಲ. ಕಲ್ಲಚ್ಚನ್ನೇ ನೋಡಿ. ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಕೊಂಡ ವಿದ್ಯೆ ಅದು. ಕಲ್ಲು ಸಪಾಟು, ಉಬ್ಬು ತಗ್ಗು ಏನೂ ಇಲ್ಲ. ಜಿಡ್ಡಿನ ಬಳಪದಲ್ಲಿ ಗೀಚಿದ ಕಡೆ ಶಾಯಿ ಹಿಡಿಯುತ್ತದೆ, ಮಿಕ್ಕ ಕಡೆ ನೀರು ನಿಂತು ಶಾಯಿಯನ್ನು ಹತ್ತಿರ ಬರಗೊಡುವುದಿಲ್ಲ. ಪ್ರತಿ ಸಲ ಶಾಯಿ ಹಾಕುವ ಮೊದಲು ಒದ್ದೆ ಸ್ಪಂಜಿನಲ್ಲಿ ಕಲ್ಲು ಒರೆಸಬೇಕು. ಒರೆಸುವುದು ಕೊಂಚ ತಡವಾಯಿತೋ, ನೀರು ಆರಿ, ಬಿಳಿಗೆ ಶಾಯಿ ಹತ್ತಿಬಿಡುತ್ತದೆ. ಅಲ್ಲಿ ಖಾಲಿ ಜಾಗ ಎಂದರೆ ಕಾವಲು ಕಾಯುವ ನೀರು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಮುದ್ರಿಸುವವರದು ಇನ್ನೊಂದು ಪಾಡು. ಇಡೀ ತಗಡಿಗೆ ಶಾಯಿ ಮೆತ್ತಿ, ಕೊರೆದ ಗೆರೆಗಳಲ್ಲಷ್ಟೇ ಅದು ಉಳಿಯುವ ಹಾಗೆ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈಯಲ್ಲೇ ಸವರಿ ಬಿಳಿಯನ್ನು ಹೊರತರಬೇಕು, ಪ್ರತಿಯೊಂದು ಪ್ರತಿಗೂ ಹೊಸದಾಗಿ. ರೆಂಬ್ರಾಂಟ್ ಕೆಲವು ಪ್ರತಿಗಳಲ್ಲಿ ಪೂರ್ತಿ ಒರೆಸದೆ ಮಸುಕು ಬಿಟ್ಟಿದ್ದಾನೆ. ಅದೇ ತಗಡು, ಅದೇ ಗೆರೆ, ಒರೆಸಿದ ಕೈಯ ಮೇಲೆ ಹಗಲೋ ಇಳಿಹೊತ್ತೋ ನಿರ್ಧಾರ.

ಜಪಾನಿನ ಮರದಚ್ಚಿನವರು ಇದನ್ನು ಒಂದು ಹೆಜ್ಜೆ ಮುಂದಕ್ಕೇ ಒಯ್ದರು. ಶಾಯಿಯೇ ಇಲ್ಲದ ಅಚ್ಚನ್ನು ಒದ್ದೆ ಕಾಗದಕ್ಕೆ ಒತ್ತುವುದು. ‘ಕರಾಜೂರಿ’ ಅನ್ನುತ್ತಾರೆ, ಬರಿದೇ ಒತ್ತುವುದು ಎಂಬರ್ಥದಲ್ಲಿ. 1765ರ ಹೊತ್ತಿಗೆ ಬಹುವರ್ಣದ ಮುದ್ರಣ ಬೆಳೆದಾಗ ಸುಜುಕಿ ಹರುನೊಬು ಇದನ್ನು ಬಟ್ಟೆಯ ನೇಯ್ಗೆ, ಹಿಮದ ಉಬ್ಬು ತೋರಿಸಲು ಬಳಸಿದ. ನೇರವಾಗಿ ನೋಡಿದರೆ ಬಿಳಿ ಕಾಗದ. ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದಾಗ ಉಬ್ಬಿನ ನೆರಳು ಏಳುತ್ತದೆ. ಏನೂ ಇಲ್ಲದಿರುವುದಕ್ಕೂ ಬೇರೆಯೇ ಒಂದು ಹಲಗೆ, ಅದನ್ನು ಕೆತ್ತಲು ಒಬ್ಬ, ಒತ್ತಲು ಒಬ್ಬ! ಹಿರೋಶಿಗೆ ಎಂಬ ಕಲಾವಿದ 1833-34ರ ಸುಮಾರಿಗೆ ಮಾಡಿದ, ಕಂಬಾರ ಎಂಬ ಊರಿನ ಇರುಳ ಹಿಮದ ಚಿತ್ರದಲ್ಲಿ ಹಿಮಕ್ಕೆ ಬಿಳಿ ಬಣ್ಣ ಬಳಿದಿಲ್ಲ. ಸುತ್ತ ಬೂದು ಮುದ್ರಿಸಿ ಕಾಗದವನ್ನು ಬಿಟ್ಟಿದ್ದಾರೆ. ಆ ಚಳಿ ಕಾಗದದ್ದು.

ಬರಿದಿಗೆ ಭಾಷೆಗಳು ಇಟ್ಟ ಹೆಸರುಗಳಲ್ಲೇ ಒಂದು ಜಗಳ ಇದೆ ಅಂತ ನನಗೆ ಅನ್ನಿಸುವುದು. ಜಪಾನೀಯರು ಚಿತ್ರದ ಖಾಲಿ ಜಾಗಕ್ಕೆ ‘ಯೊಹಕು’ ಎನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ಬಿಡಿಸಿದರೆ ಮಿಕ್ಕ ಬಿಳಿ. ಚೀನಿಯರದು ‘ಲಿಯುಬಾಯ್’, ಬಿಳಿಯನ್ನು ಉಳಿಸುವುದು. ಒಂದರಲ್ಲಿ ಬಿಳಿ ತಾನಾಗಿ ಉಳಿದದ್ದು, ಇನ್ನೊಂದರಲ್ಲಿ ಯಾರೋ ಉಳಿಸಿದ್ದು. ಆ ಎರಡು ಸಂಪ್ರದಾಯಗಳಲ್ಲಿ ನಿಜಕ್ಕೂ ಅಷ್ಟು ದೂರ ಇಲ್ಲ, ಯೊಹಕು ಎನ್ನುವವರೂ ಅದನ್ನು ಬೇಕೆಂದೇ ಇಡುತ್ತಾರೆ. ಆದರೂ ನನಗೆ ಈ ಎರಡು ಮಾತು ಬೇಕು, ಚಿತ್ರಗಳನ್ನು ನೋಡಲು.

ಹಸೆಗಾವ ತೊಹಾಕು (1539–1610) ಬಿಡಿಸಿದ ಪೈನ್ ಮರಗಳ ಪರದೆಗಳ ಮುಂದೆ ಈ ಎರಡೂ ಮಾತು ಸೋಲುತ್ತವೆ. ಆರಾರು ಮಡಿಕೆಯ ಎರಡು ಪರದೆ. ಮಂಜಿನಲ್ಲಿ ನಾಲ್ಕು ಗುಂಪು ಮರ, ಹತ್ತಿರದ್ದು ಕಪ್ಪು ಕಪ್ಪಾಗಿ, ದೂರದ್ದು ಕಂಡೂ ಕಾಣದ ಹಾಗೆ. ಮಂಜನ್ನು ಬಿಡಿಸಿಲ್ಲ, ಅದು ಬರೀ ಕಾಗದ. ತಮಾಷೆ ಏನೆಂದರೆ, ಆ ಪರದೆಯ ಕಾಗದದ ಹಾಳೆಗಳ ಜೋಡಣೆ ಸರಿಯಾಗಿಲ್ಲ ಎನ್ನುವುದನ್ನು ಗಮನಿಸಿ, ಇದು ಮುಗಿದ ಚಿತ್ರವೇ ಅಲ್ಲ, ಯಾವುದಕ್ಕೋ ಮಾಡಿಕೊಂಡ ಕರಡು ಇರಬಹುದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಈಗ ಅದು ಜಪಾನಿನ ರಾಷ್ಟ್ರೀಯ ನಿಧಿ. ಕರಡೇ ಆಗಿದ್ದರೆ ಆ ಬಿಳಿ ಉಳಿದದ್ದೋ ಉಳಿಸಿದ್ದೋ? ನಮ್ಮ ಮನೆಗೆ ಬಂದವರೂ ನನ್ನ ಹಾಳೆಯನ್ನು ನೋಡಿ ಕೇಳುವ ಮೊದಲ ಪ್ರಶ್ನೆ ಇದೇ, “ಇದು ಮುಗಿದಿದೆಯಾ?” ಅಂತ. ಮೊದಲು ಮುಖ ಸಿಂಡರಿಸುತ್ತಿದ್ದೆ. ಈಗ ಒಳ್ಳೆಯ ಪ್ರಶ್ನೆ ಅನ್ನಿಸುತ್ತದೆ.

ಜಪಾನಿನ ‘ಮಾ’ ಎಂಬ ಮಾತನ್ನು ವಿನ್ಯಾಸದ ಬಗ್ಗೆ ಬರೆಯುವ ಎಲ್ಲರೂ ಮಂತ್ರದ ಹಾಗೆ ಉದುರಿಸುತ್ತಾರೆ. ಎರಡು ವಸ್ತುಗಳ ನಡುವಿನ ಜಾಗ, ಎರಡು ಸದ್ದುಗಳ ನಡುವಿನ ಹೊತ್ತು, ಎರಡಕ್ಕೂ ಅದೊಂದೇ ಮಾತು, ಎಷ್ಟು ಅದ್ಭುತ ಅಂತ. ಅದ್ಭುತವೇ. ನಮ್ಮಲ್ಲೂ ‘ತೆರಪು’ ಇದೆಯಲ್ಲ. ಗೋಡೆಯ ಕಲ್ಲುಗಳ ನಡುವೆಯೂ ತೆರಪು, ಮಳೆಯ ಎರಡು ಹೊಡೆತಗಳ ನಡುವೆಯೂ ತೆರಪು. ‘ತೆರಪಿಲ್ಲದೆ ಮಾತಾಡಿದ’ ಅಂದರೆ ಸಾಕು, ಆ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ನನ್ನ ಹಾಳೆಯ ಬಿಳಿಯನ್ನು ಶೂನ್ಯ ಅಂತಲೋ ಬಯಲು ಅಂತಲೋ ಕರೆದು ತಲೆಯ ಮೇಲೆ ಕೂರಿಸಲು ನನಗೆ ಇಷ್ಟವಿಲ್ಲ. ಅವು ದೊಡ್ಡ ಮಾತುಗಳು, ದೊಡ್ಡವರು ಆಡಿದ ಮಾತುಗಳು. ತೆರಪು ಅಂದರೆ ನನ್ನ ಅಳತೆಗೆ ಸರಿಹೋಗುತ್ತದೆ.

ಇಷ್ಟೆಲ್ಲ ಹೇಳಿ, ಒಂದು ದೂರು ಹೇಳದೆ ಇರಲಾರೆ. ಮಿನಿಮಲಿಸ್ಟ್ ಪ್ರಿಂಟ್ ಎಂದು ಎಲ್ಲೆಲ್ಲೂ ಸಿಗುವ ಸರಕಿದೆಯಲ್ಲ, ಮಣ್ಣಿನ ಬಣ್ಣದ ಒಂದು ವೃತ್ತ, ಅದರ ಕೆಳಗೆ ಕಮಾನು, ಅಥವಾ ಒಂದೇ ಗೆರೆಯಲ್ಲಿ ಹೆಣ್ಣಿನ ಮುಖ, ಸುತ್ತ ಧಾರಾಳ ಬಿಳಿ. ಅದರ ಬಿಳಿ ಶುದ್ಧ ಮಿಕ್ಕ ಬಿಳಿ. ಎಲ್ ಆಕಾರದ ರಟ್ಟು ಇಟ್ಟು ಹೇಗೆ ಬೇಕಾದರೂ ಜರುಗಿಸಿ, ಏನೂ ಆಗುವುದಿಲ್ಲ. ವೃತ್ತ ಮೇಲೆ ಹೋದರೂ ಅಷ್ಟೇ, ಕೆಳಗೆ ಬಂದರೂ ಅಷ್ಟೇ. ಸೋಫಾದ ಬಣ್ಣಕ್ಕೆ ಹೊಂದುವುದೊಂದೇ ಅದರ ಕೆಲಸ. ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದು ಎಂಬುದು ನನ್ನ ತಕರಾರಲ್ಲ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಅಲ್ಲಿ ಬಿಳಿ ಎಂದರೆ ಹನಿ ಬೀಳದ ಕಡೆ ಕಾಣುವ ಕಾಗದ. ಒಳ್ಳೆಯ ಕೈಯಲ್ಲಿ ಅದೂ ಉಳಿಸಿದ ಬಿಳಿ ಆಗಬಹುದು. ಖಾಲಿ ಜಾಗ ಶ್ರೀಮಂತಿಕೆಯ ಗುರುತಾದಾಗಲೇ ಅದರ ಕತೆ ಕೆಡುವುದು. ಇಷ್ಟು ಗೋಡೆ ಸುಮ್ಮನೆ ಬಿಡುವಷ್ಟು ನಮಗಿದೆ ಎಂದು ತೋರಿಸುವ ಬಿಳಿಯಲ್ಲಿ ತೆರಪಿಲ್ಲ, ಪ್ರದರ್ಶನ ಇದೆ.

ಕಡಿಮೆ ಎನ್ನುವುದಕ್ಕೆ ಪಣ ಏನಾದರೂ ಇರಬೇಕು. ಜರೀನಾ ಹಶ್ಮಿ (1937–2020) ಅಲಿಗಢದಲ್ಲಿ ಹುಟ್ಟಿ, ಗಣಿತ ಓದಿ, ಪ್ಯಾರಿಸ್‌ನಲ್ಲೂ ಟೋಕಿಯೋದಲ್ಲೂ ಮುದ್ರಣ ಕಲಿತ ಕಲಾವಿದೆ. 2001ರಲ್ಲಿ ಅವರು ಮಾಡಿದ ಒಂದು ಮರದಚ್ಚಿನ ಹೆಸರು ‘ಡಿವೈಡಿಂಗ್ ಲೈನ್’. ಕಾಗದದ ಮೇಲೆ ಅಂಕುಡೊಂಕಾಗಿ ಇಳಿಯುವ ಒಂದು ಕಪ್ಪು ಗೆರೆ. ಭಾರತ ಪಾಕಿಸ್ತಾನದ ಗಡಿ. ಊರಿನ ಹೆಸರಿಲ್ಲ, ನದಿ ಇಲ್ಲ, ಬಾಣದ ಗುರುತಿಲ್ಲ. ದೇಶವಿಭಜನೆಯ ಮೇಲೆ ಬಂದ ತುಂಬಿದ ಚಿತ್ರಗಳನ್ನು ನೋಡಿದ್ದೇನೆ, ರೈಲು, ಜನ, ಗಾಡಿ, ಬೆಂಕಿ. ಈ ಗೆರೆಯ ಎರಡು ಪಕ್ಕದ ಬರಿದನ್ನು ನೋಡಿದಾಗ ಆದದ್ದು ಅವುಗಳಿಂದ ಆಗಿರಲಿಲ್ಲ. ಅಚ್ಚು ಕೆತ್ತಿ ಬೊಬ್ಬೆ ಬರಿಸಿಕೊಂಡ ಮೇಲಂತೂ ಅದು ಬೇರೆಯೇ ಕಂಡಿತು. ಗೆರೆ ಕಪ್ಪಾಗಿ ಉಳಿಯಬೇಕಾದರೆ ಅದರ ಎರಡೂ ಕಡೆಯ ನೆಲವನ್ನು ಕೆತ್ತಿ ತೆಗೆಯಬೇಕು. ಗಡಿ ಉಳಿದಿದೆ, ಆಚೆಯದೂ ಈಚೆಯದೂ ಹೋಗಿದೆ. ತಂತ್ರವೇ ಮಾತಾಡುವ ಇಂಥ ಕಡೆ ವಿವರಿಸಲು ಹೋಗುವುದು ಅಧಿಕಪ್ರಸಂಗ. ನಾನು ಮಾಡಿಬಿಟ್ಟೆ.

1953ರಲ್ಲಿ ರಾಬರ್ಟ್ ರೌಷನ್‌ಬರ್ಗ್ ಎಂಬ ಯುವಕ ಹಿರಿಯ ಚಿತ್ರಕಾರ ವಿಲ್ಲೆಮ್ ಡಿ ಕೂನಿಂಗ್‌ನಿಂದ ಒಂದು ಚಿತ್ರ ಕೇಳಿ ಪಡೆದು, ವಾರಗಟ್ಟಲೆ ರಬ್ಬರು ಉಜ್ಜಿ ಅಳಿಸಿದ್ದೂ ಇದೇ ಜಾತಿಯ ಕೆಲಸ. ಡಿ ಕೂನಿಂಗ್ ಬೇಕೆಂದೇ ಅಳಿಸಲು ಕಷ್ಟವಾದ ಚಿತ್ರವನ್ನು ಆರಿಸಿ ಕೊಟ್ಟಿದ್ದನಂತೆ, ಹಾಗೆ ಸುಲಭಕ್ಕೆ ಬಿಡುತ್ತೇನೆಯೇ ಎನ್ನುವ ಹಾಗೆ. ಆ ಹಾಳೆಯ ಬಿಳಿಯಲ್ಲಿ ಈಗಲೂ ಹಳೆಯ ಗೆರೆಗಳ ಜಾಡಿದೆ. ನನಗೆ ಆ ಕೃತಿಗಿಂತ ಅದರ ಕತೆ ಇಷ್ಟ, ಅದು ಸ್ವಲ್ಪ ಗದ್ದಲದ ಮೌನ.

ಆಗ್ನೆಸ್ ಮಾರ್ಟಿನ್‌ಳ ಮೌನ ಬೇರೆ. 1967ರಲ್ಲಿ ನ್ಯೂಯಾರ್ಕ್ ಬಿಟ್ಟು ಹೊರಟು, ಕೊನೆಗೆ ನ್ಯೂ ಮೆಕ್ಸಿಕೋದಲ್ಲಿ ನೆಲೆ ನಿಂತ ಅವಳು ವರ್ಷಗಟ್ಟಲೆ ಚಿತ್ರ ಬರೆಯಲಿಲ್ಲ. ಆ ತೆರಪು ಮುಗಿಯುವ ಹೊತ್ತಿಗೆ, 1973ರಲ್ಲಿ, ಬಂದದ್ದು 30 ಸ್ಕ್ರೀನ್ ಪ್ರಿಂಟ್‌ಗಳ ಒಂದು ಕಟ್ಟು. ಹೆಸರು ‘ಆನ್ ಎ ಕ್ಲಿಯರ್ ಡೇ’. ಪ್ರತಿ ಹಾಳೆಯಲ್ಲೂ ಬರೀ ಅಡ್ಡಗೆರೆ, ಉದ್ದಗೆರೆ, ಚೌಕಗಳ ಜಾಲ, ಒಂದೊಂದರಲ್ಲಿ ಒಂದೊಂದು ಲೆಕ್ಕ. ಕ್ಯಾನ್ವಾಸಿನ ಮೇಲೆ ಅವಳು ಪೆನ್ಸಿಲ್‌ನಲ್ಲಿ ಎಳೆದ ಗೆರೆ ಬಟ್ಟೆಯ ಎಳೆಗಳ ಮೇಲೆ ಹಾಯುವಾಗ ನಡುಗುತ್ತದೆ. ಈ ಮುದ್ರಣಗಳಲ್ಲಿ ನಡುಕ ಇಲ್ಲ, ಗೆರೆ ನೇರ. ಖಾಲಿ ಎನ್ನುವುದು ಇಲ್ಲಿ ಒಂದು ದೊಡ್ಡ ಬಯಲಲ್ಲ, ನೂರು ಪುಟ್ಟ ಕೋಣೆ. ಒಂದೊಂದರಲ್ಲೂ ಯಾರೂ ಇಲ್ಲ. ಮೂವತ್ತರಲ್ಲಿ ಕೆಲವು ನನಗೆ ಬರೀ ಗ್ರಾಫ್ ಕಾಗದ ಅನ್ನಿಸುತ್ತವೆ, ಒಪ್ಪಿಕೊಳ್ಳುತ್ತೇನೆ. ಕೆಲವನ್ನು ನೋಡುತ್ತಾ ನಿಂತರೆ ಕಿಟಕಿ ತೆರೆದ ಹಾಗಾಗುತ್ತದೆ. ವ್ಯತ್ಯಾಸ ಎಲ್ಲಿದೆ ಅಂತ ಗೆರೆ ಎಣಿಸಿ ನೋಡಿದರೂ ಸಿಕ್ಕಿಲ್ಲ.

ಗೋಡೆಯ ಮೇಲಿನ ನನ್ನ ಹಾಳೆಗೆ ಈಗ ಮೂರು ವರ್ಷ. ಮೊದಲಿನಷ್ಟು ಬೆಳ್ಳಗಿಲ್ಲ, ಅಥವಾ ನನಗೆ ಹಾಗೆ ಕಾಣುತ್ತಿದೆ. ಅಗ್ಗದ ಕಾಗದವಾದರೆ ಬೆಳ್ಳಗೆ ಹೊಳೆಯಲೆಂದು ಸೇರಿಸುವ ರಾಸಾಯನಿಕಗಳು ಬೆಳಕಿಗೆ ಸೋತು ಹಳದಿಗೆ ತಿರುಗುತ್ತವೆ. ಇದು ಹತ್ತಿಯ ಕಾಗದ, ಮೊದಲಿಂದಲೇ ಸ್ವಲ್ಪ ಕೆನೆಬಣ್ಣ. ಬೆಳಿಗ್ಗೆ ಬಿಳಿ ತಣ್ಣಗಿರುತ್ತದೆ, ಮಧ್ಯಾಹ್ನ ಗೋಡೆಯಂತೆಯೇ ಇರುತ್ತದೆ, ಸಂಜೆ ಕಿಟಕಿಯ ಸರಳುಗಳ ನೆರಳು ಗಾಜಿನ ಮೇಲೆ ಬಿದ್ದು ಆರು ಗೆರೆ ಜಾಸ್ತಿಯಾಗುತ್ತವೆ. ನಾನು ಎದುರು ನಿಂತರೆ ನನ್ನ ಮುಖ. ಚಿತ್ರಕ್ಕಿಂತ ಹೆಚ್ಚಾಗಿ ಮಿಕ್ಕಿದ್ದನ್ನೆಲ್ಲ ಅದು ತೋರಿಸುವ ದಿನಗಳೇ ಹೆಚ್ಚು.

ಕಳೆದ ವಾರ ಗಾಜಿನೊಳಗೆ ಹೇಗೋ ಒಂದು ಹುಳ ಸೇರಿಕೊಂಡಿತ್ತು. ಪೂರ್ಣವಿರಾಮದಷ್ಟು ಗಾತ್ರ. ಬಲಗಡೆ ಮೇಲೆ, ಯಾರೂ ಯಾವತ್ತೂ ಇಲ್ಲದ ಜಾಗದಲ್ಲಿ ಕೂತಿತ್ತು. ಅಷ್ಟಕ್ಕೇ ಇಡೀ ಹಾಳೆ ಆ ಕಡೆಗೆ ವಾಲಿಬಿಟ್ಟಿತು. ಕೆಳಗಿನ ಕಪ್ಪು ಗುರುತು ಅದನ್ನು ತಲೆಯೆತ್ತಿ ನೋಡುತ್ತಿದೆ, ಗೆರೆ ಅಲ್ಲಿಗೇ ಹೊರಟಿತ್ತು, ನಾನು ಮೂರು ವರ್ಷ ತಪ್ಪು ತಿಳಿದಿದ್ದೆ ಅನ್ನಿಸತೊಡಗಿತು. ಫ್ರೇಮ್ ಬಿಚ್ಚಿ ತೆಗೆಯಬೇಕು ಅಂದುಕೊಂಡೆ, ಟೇಪಿನ ನೆನಪಾಗಿ ಸುಮ್ಮನಾದೆ. ಎರಡು ದಿನ ಹೋಗುತ್ತಾ ಬರುತ್ತಾ ಮೊದಲು ಹುಳವನ್ನೇ ನೋಡಿದೆ. ಮೂರನೆಯ ಬೆಳಿಗ್ಗೆ ಅದು ಇರಲಿಲ್ಲ. ಬಂದ ಸಂದಿಯಲ್ಲೇ ಹೋಗಿರಬೇಕು. ಕೂತಿದ್ದ ಜಾಗ ಯಾವುದೆಂದು ಕನ್ನಡಕ ಹಾಕಿಕೊಂಡು ಹುಡುಕಿದೆ, ಟೇಪಿನ ಮಿರುಗು ಸಿಕ್ಕಿತು, ಸಾಸಿವೆಯ ಕಲೆಗಳು ಸಿಕ್ಕವು, ಅದು ಸಿಗಲಿಲ್ಲ.